ಎರಡನೆಯ ಏಟು

ಬೋರ್ಡಿನಲ್ಲಿ ಹುಡುಗರು ಎಂದೇ ಇತ್ತು, ನಾನೊಬ್ಬಳು ಹೆಂಗಸು ಸೇರಿ:
ಪೈನಿ ನಾಬ್ ಬಾಯ್ಸ್.
ಆಳೆತ್ತರದ ಬೇಸ್ ನನ್ನದು, ಕೂಸಿನಷ್ಟು ಮ್ಯಾಂಡೊಲಿನ್ ವರ್ಲಿನ್‌ನದು.
ತಾಳಕ್ಕೆ ಬೇರೆ ಯಾರೂ ಇರಲಿಲ್ಲ.
ಒಂದು ನಾನು. ಎರಡು ಅವನು.

ಚಕ್. ಅಷ್ಟೇ. ಹುಟ್ಟುತ್ತಲೇ ಬೆರಳು ಸಡಿಲಿಸಿ
ಆ ಸದ್ದನ್ನು ಅವನೇ ಅಡಗಿಸಬೇಕು.
ರಾತ್ರಿಗೆ ಎಷ್ಟು ಸಾವಿರ ಎಂದು ಕೇಳಿದ್ದೆ.
ಸೌದೆ ಒಡೆಯುವವನು ಎಣಿಸುತ್ತಾನಾ, ಅಂದ.

ಗ್ಯಾಲಕ್ಸ್, ಹಿಲ್ಸ್‌ವಿಲ್, ಗುಡ್ಡದಾಚೆಯ ಸ್ಪಾರ್ಟಾ.
ಫೈರ್ ಸ್ಟೇಷನ್ನಿನ ಮೀನೂಟ, ದನದ ಹರಾಜಿನ ಕೊಟ್ಟಿಗೆ,
ಒಮ್ಮೆ ಒಂದು ಮದುವೆ. ವರನೇ ಬರಲಿಲ್ಲ, ಆದರೂ ನುಡಿಸಿದೆವು.
ಸಂಭಾವನೆ: ಪೆಟ್ರೋಲಿಗೆ ಕಾಸು,
ಐದು ಜನಕ್ಕೆ ಉಪ್ಪು ಹಚ್ಚಿ ಒಣಗಿಸಿದ ಒಂದು ಹಂದಿತೊಡೆ.
ಅದನ್ನು ಪಾಲು ಮಾಡುವಾಗ ಬ್ಯಾಂಜೋ ಹೋಬಾರ್ಟನಿಗೂ ಫಿಡಲ್ ಎಮರಿಗೂ ಜಗಳವಾಗಿ
ಮೊದಲ ತಂಡ ಮುರಿಯಿತು. ಸುಳ್ಳಲ್ಲ.

ಎರಡನೆಯದು ದೇವರ ಹೆಸರಲ್ಲಿ ಶುರುವಾಗಿ ವಿಚ್ಛೇದನದಲ್ಲಿ ನಿಂತಿತು.
ಮೂರನೆಯದರ ಹೆಸರೇ ನೆನಪಿಲ್ಲ. ವ್ಯಾನಿನ ಹೀಟರ್ ಕೆಟ್ಟಿದ್ದು ನೆನಪಿದೆ,
ಡಿಸೆಂಬರಿನಲ್ಲಿ ಅವನು ಮ್ಯಾಂಡೊಲಿನ್ನನ್ನು ಕೋಟಿನೊಳಗಿಟ್ಟು ಗುಂಡಿ ಹಾಕಿ
ಬಾಣಂತಿಯ ಹಾಗೆ ಕೂತಿದ್ದು.
ಎಂಟು ತಂತಿ, ಜೋಡಿ ಜೋಡಿ. ಯಾವ ಜೋಡಿಯೂ
ಒಂದು ಹಾಡಿಗಿಂತ ಹೆಚ್ಚು ಹೊತ್ತು ಹೊಂದಿಕೊಂಡಿರುತ್ತಿರಲಿಲ್ಲ.
ನಾವಿಬ್ಬರೂ ಜೋಡಿಯೆಂದು ಜನ ಅಂದುಕೊಂಡಿದ್ದರು.
ಅಲ್ಲ.

ಆಮೇಲೆ ಎಮರಿಯ ಮಗ ನ್ಯಾಶ್‌ವಿಲ್‌ನಿಂದ ಬಂದ.
ಇದಕ್ಕೀಗ ಅಮೆರಿಕಾನಾ ಅನ್ನುತ್ತಾರೆ ಎಂದ, ಡ್ರಮ್ ತಂದ.
ಒಂದೂ ಅದೇ, ಎರಡೂ ಅದೇ.
ವರ್ಲಿನ್ ಮೂರು ವಾರ ಅಂಚಿನ ಕಸೂತಿ ನುಡಿಸಿದ,
ನೀರಿನ ಮೇಲೆ ನಡುಗುವ ಬಿಸಿಲಿನಂಥ ಸ್ವರಗಳು. ಚಪ್ಪಾಳೆಯೂ ಬಿತ್ತು.
ನಾಲ್ಕನೆಯ ವಾರ ತಂತಿ ಸಡಿಲಿಸಿ ಪೆಟ್ಟಿಗೆ ಮುಚ್ಚಿದ.
ಈಗ ಸ್ಪಾರ್ಟಾದಲ್ಲಿ ಬೀಗದ ಕೈ ಮಾಡಿಕೊಡುತ್ತಾನೆ.

ನಾನು ಬಿಡಲಿಲ್ಲ. ಬೇರೆ ಕೆಲಸ ಬರುವುದಿಲ್ಲ.

ಮೊನ್ನೆ ಎಮರಿಯ ಮಣ್ಣಿಗೆ ಹೋಗಿದ್ದೆವು.
ಡ್ರಮ್ ಹತ್ತಲಾರದ ಗುಡ್ಡ.
ನಾನು, ಹೋಬಾರ್ಟ್, ಯಾರದೋ ಗಿಟಾರು.
ಒಂದು, ಅಂದೆ ಬೇಸಿನಲ್ಲಿ.
ಎರಡು ಬರಬೇಕಾದ ಜಾಗ ಬಂತು, ಹೋಯಿತು.
ಒಂದು, ಅಂದೆ.
ಬೆನ್ನ ಹಿಂದೆ, ಜನರ ನಡುವೆ, ಯಾವುದೋ ಕೋಟಿನ ಜೇಬಿನಲ್ಲಿ
ಬೀಗದ ಕೈಗಳ ಗೊಂಚಲು:
ಚಕ್.
ಹುಟ್ಟುತ್ತಲೇ ಮುಷ್ಟಿ ಅದನ್ನು ಅಡಗಿಸಿತು.

ತಿರುಗಿ ನೋಡಲಿಲ್ಲ.
ಮುಂದಿನ ಒಂದು ನನ್ನದಿತ್ತು.