ವಿದ್ಯಾಗಿಡದ ಬೇಲಿ

ಮೊದಲು ಕಂಡುಹಿಡದಾಕಿ ನಾನಲ್ಲ,
ಏಳನೇ ಇಯತ್ತೆಯ ಮಧುವಂತಿ.
ಗಣಿತದ ಪುಸ್ತಕದಾಗ ಇಡಾಕ
ಒಂದು ಎಸಳು ಮುರಕೊಳ್ಳಾಕ ಬಂದು
ಬರಿಗೈಲೆ ಹೊಳ್ಳಿ ಹೋದಳಂತ:
"ಅಜ್ಜಾ, ನಿಮ್ಮ ವಿದ್ಯಾಗಿಡ ನಾಪಾಸಾಗೇದ."

ಅದಕ್ಕ ದಸ್ತಗೀರಸಾಬರು ಫೋನ್ ಹಚ್ಚಿದರು.
ಧಾರವಾಡದಿಂದ ಚಿಗರಿ ಬಸ್ಸು,
ಹೊಸೂರಿಂದ ಆಟೋ, ಕೇಶ್ವಾಪುರದ ಹಿಂದ
ರೈಲ್ವೆಯವರು ಕಟ್ಟಿಕೊಂಡ ಸಾಲುಮನಿ.
ಚೀಲದಾಗ ಭೂತಗನ್ನಡಿ, ಬಿಳಿ ಹಾಳಿ, ಚಾಕು.
ಕೃಷಿ ಕಾಲೇಜು ನನ್ನ ಬಿಟ್ಟು ನಾಕು ವರ್ಷಾತು,
ಚೀಲ ಬಿಟ್ಟಿಲ್ಲ.

ಒಂಬತ್ತು ಗಿಡ. ಆಳೆತ್ತರ ದಾಟಿದ್ದವು.
ದೂರದಿಂದ ನೋಡಿದರ
ಹಂಚಿನ ಮ್ಯಾಲೆ ಮರತ ಹಪ್ಪಳದ ಬಣ್ಣ.

"ನೀರು ಕಡಿಮಿ ಆತೇನ್ರಿ?" ಅಂದರು ಸಾಬರು.
"ನೀರು ಹೆಚ್ಚಾತು," ಬಾಗಲದಾಗಿಂದ ಮುಮ್ತಾಜಬಿ.
"ಬಾಜೂದವರು ಏನರ ಸುರುವ್ಯಾರ,"
ಇದು ಸಣ್ಣ ದನೀಲೆ, ಯಾರಂದರೋ.
ಗಿಡದ ಮುಂದ ನಿಂತ ಮಂದಿ
ಮೊದಲು ಹೇಳೂದು ತಮ್ಮ ರೋಗಾನ.

ಒಳಗಿನ ಕೆಂಚು ರೋಗಲ್ಲ ಅಂದೆ.
ಹಳೇ ಎಲಿ ಬೊಡ್ಡಿ ಕಡೆ ಉದುರ್ತಾವ,
ತಲಿ ಬಾಚಿದರ ಹಣಿಗ್ಯಾಗ ನಾಕು ಕೂದಲ ಬಂದಂಗ.
ತುದಿ ಸುಟ್ಟರ ಮಾತ್ರ ಕೇಳಬೇಕು.

ಕೆಳಗ ಬಿಳಿ ಹಾಳಿ ಹಿಡದು ಟೊಂಗಿ ಬಡದೆ.
ಧೂಳಾ? ಧೂಳು ನಡಿಯೂದಿಲ್ಲ.
ಇದು ನಡೀತಿತ್ತು,
ಬೆರಳಲೆ ಒರಸಿದರ ಕೆಂಪು ಗೀರು.
ನುಸಿ. ಮೂರು ಗಿಡಕ್ಕ.
ಮುಂಜಾನೆ ಪೈಪ ಹಿಡದು ಎಲಿ ಬೆನ್ನಿಗೆ ಜೋರ ನೀರು ಹೊಡೀರಿ,
ವಾರಕ್ಕೊಮ್ಮೆ ಬೇವಿನೆಣ್ಣಿ, ಅದೂ ಸಂಜೀಕ,
ಬಿಸಲಾಗ ಹೊಡದರ ರೋಗಕಿಂತ ಔಷಧ ಕಡು.

ಮೂಲ್ಯಾಗಿನ ಗಿಡ ಒಂದ ಮಗ್ಗಲಾ ಕರಕಾಗಿತ್ತು,
ಮೊಣಕಾಲಿನಷ್ಟ ಎತ್ತರಕ್ಕ.
ಅದರ ಕಾರಣ ಬಾಲ ಅಳ್ಳಾಡಿಸ್ಕೋತ
ನನ್ನ ಚೀಲ ಮೂಸಾಕ ಬಂತು.

ಉಳದ ಐದಕ್ಕ
ನುಸಿ ಇಲ್ಲ, ಬೂಸ್ಟ ಇಲ್ಲ.
ಎರಿಮಣ್ಣು ಅಗದು ಮೂಸಿದೆ, ಬೇರು ಕೊಳತ ನಾತಿಲ್ಲ.
ಉಗುರಲೆ ತೊಗಟಿ ಕೆರದೆ:
ಗೇಣು ಕೆಳಗ ಹಸರು,
ಗೇಣು ಮ್ಯಾಲೆ ಚಾದ ಬಣ್ಣ.
ನಡುವ ತೊಗಟಿ ಉಬ್ಬಿ
ಏನೋ ನುಂಗಿ ತುಟಿ ಮುಚ್ಚಿತ್ತು.
ಚಾಕು ಇಟ್ಟೆ. ಕಿರ್ ಅಂತು.

ತಂತಿ.

ದಸ್ತಗೀರಸಾಬರು ಕುಕ್ಕರುಗಾಲಲೆ ಕುಂತು
ಚಾಳೀಸು ಏರಿಸಿ ನೋಡಿದರು.
"ನಂದ ಇದು."
ಕೈಮರ ತಗದು ದೀಪ ಹಾಕಿದ ವರ್ಷ
ತುಂಡು ತುಂಡು ಮನಿಗೆ ತಂದ ಸಿಗ್ನಲ್ಲಿನ ತಂತಿ.
ಸಸಿ ಇನ್ನೂ ಎಳೇವು, ಆಷಾಢದ ಗಾಳಿಗೆ ಬಿದ್ದಾವಂತ
ಕೋಲಿಗೆ ಬಿಗದಿದ್ದು.
"ಕೋಲು ಯಾವಾಗೋ ಗೆದ್ದಲಿ ತಿಂತು. ತಂತಿ..."
ತಂತಿ ಯಾಕ ಹೋಗತದ,
ಅದು ಇಲಾಖೆ ಮಾಲು.

ಮೂವತ್ತೊಂದು ವರ್ಷ ಗಾಡಿಗೆ ದಾರಿ ಬಿಟ್ಟ ಕೈ
ಪಕ್ಕಡ ಹಿಡದು ನಡಗಿತು.
ತರ್ರಿ ಇಲ್ಲೆ, ನಾ ಕತ್ತರಸ್ತೀನಿ ಅಂದೆ.
"ಬ್ಯಾಡ್ರಿ ಬಾಯಾರ, ಕಟ್ಟಿದಾಂವ ನಾ."
ಟಕ್. ಟಕ್.
ನಾಕನೇದಕ್ಕ ಮುಮ್ತಾಜಬಿ ಚಾ ತಂದರು.
ಐದನೇದರಾಗ ತಂತಿ ಪೂರಾ ಮುಳಗಿತ್ತು,
ಬಿಡ್ರಿ ಅಂದೆ, ಕಿತ್ತರ ಗಿಡಾನ ಹರೀತದ.

"ಮತ್ತ ಚಿಗೀತಾವಲ್ರಿ?"
ಇಲ್ಲೆ ಡಾಕ್ಟರು ಸುಳ್ಳು ಹೇಳತಾರ. ನಾ ಡಾಕ್ಟರಲ್ಲ.
ಬೇವು ಬೋಳಸಿದರ ಬರ್ತದ, ಹುಣಸಿ ಬರ್ತದ,
ಈ ಜಾತಿಗೆ ಆ ಗುಣ ಇಲ್ಲ:
ಹಸರು ಇದ್ದಲ್ಲಿಂದ ಮಾತ್ರ ಹಸರು.
ಒಣಾ ಟೊಂಗಿ ತಗೀರಿ, ಹಸರಿನ ಗುರುತು ಮುಟ್ಟಬ್ಯಾಡ್ರಿ.
ಗೊಬ್ಬರಾ ಸುರದು ಉಪಚಾರ ಮಾಡಬ್ಯಾಡ್ರಿ.
ಮಿರಗದ ಮಳಿ ತನಕಾ ಸುಮ್ಮನಿರ್ರಿ.
ಎರಡು ಉಳೀಬಹುದು,
ಯಾವೆರಡು ಅಂತ ಕೇಳಬ್ಯಾಡ್ರಿ.

ಕೇಳಲಿಲ್ಲ ಅವರು.
ತಂತಿಯ ತುಂಡೆಲ್ಲ ಆರಿಸಿ, ಒರಸಿ,
ಉಂಗುರಾ ಮಾಡಿ ಮಳಿಗೆ ಹಾಕಿದರು:
"ಎಲ್ಲೆರ ಕೆಲಸಕ್ಕ ಬಂದೀತು."

ಗೇಟಿನಾಗ ಮಧುವಂತಿ, ಬೆನ್ನಿಗೆ ಪಾಟೀಚೀಲ.
"ನುಸಿ ಇದ್ದ ಎಲಿ ಪುಸ್ತಕಕ್ಕ ನಡೀತದೇನ್ರಿ ಆಂಟಿ?
ನಾಳೇನ ಪರೀಕ್ಷಾ."
ತೊಳಕೊಂಡು ಇಡು ಅಂದೆ.
ಎರಡೂ ಕಡೆ ತೊಳಿ.