ಎರಡು ಕಲ್ಲು

ಬೆಟಗೇರಿಯ ನೇಕಾರ ಸಂಘದ ಪಡಸಾಲ್ಯಾಗ
ಬನಶಂಕ್ರವ್ವನ ಕೈಗೆ ಫೋನು ಕೊಟ್ಟು ಎದುರಿಗೆ ಕುಂತೆ.
ದಡಿಯ ನಮೂನಿ ಮುನ್ನೂರಾ ಹನ್ನೆರಡು,
ಒಂದರ ಕೆಳಗೊಂದು. ನೋಡಬೇ, ಆರಿಸು ಅಂದೆ.

ಎಳದಳು.
ನೇಯ್ದ ಅರಿವಿ ಮೈಕಡೆ ಎಳಕೊಳ್ಳೂ ಹಂಗ, ಭುಜದಿಂದ.
ಮ್ಯಾಲೆ ಏನೂ ಇದ್ದಿಲ್ಲ, ಪಟ್ಟಿ ಜಗ್ಗಿ, ಹಿಗ್ಗಿ,
ಹಿಂದಕ್ಕ ಜಿಗದು ತನ್ನ ಜಾಗಾಕ್ಕ ಕುಂತಿತು.
"ಮುಗದದ ಅಂದ್ರ ಮುಗದದ ಅನ್ನಬೇಕಪಾ.
ಕೊಡೂ ಹಂಗ ಮಾಡಿ ಕಸಗೊಂತೈತಲ್ಲ ಇದು."

ಅತ್ತಕಡೆ ನೂಕಬೇ ಅಂದೆ. ನೂಕಿದಳು.
ಕಣ್ಣಿ ಹರಕೊಂಡ ಕರದ ಓಟ:
ಗೋಮಿ, ಚಿಕ್ಕಿ, ಪರಾಸಪೇಟ,
ಹೆಸರು ಓದೂದ್ರಾಗ ಹೆಸರೂ ಇಲ್ಲ.
"ಎಲ್ಲಿಗೆ ಹೊಂಟೈತೋ? ಕರಿ, ಕರಿ ಅದನ್ನ."

ಮೂರನೇ ಸಲ ಬೆರಳು ಚೂರು ಬಲಕ್ಕ ವಾಲಿತು.
ಒಂದೊಂದು ದಡಿಯ ಕೆಳಗ ಬಣ್ಣದ ಅಡ್ಡಪಟ್ಟಿ ಇಟ್ಟಿದ್ದೆ,
ಅದು ಬೆರಳನ್ನ ತನ್ನದಂತ ಹಿಡಕೊಂತು.
ಕೆಳಗ ಹೋಗಬೇಕಿದ್ದಾಕಿ
ಕೆಂಪು, ಹಸರು, ಕುಂಕುಮ, ಜಾಂಬಳಿ ದಾಟಿ
ಗೋಡಿಗೆ ಹಾದು ನಿಂತಳು.
ನಾನು ನೆಲ ನೋಡಿದೆ.

"ಏಳು," ಅಂದಳು. "ಇಲ್ಲಿ ಬಾ."

ಕುಣಿಮಗ್ಗದ ಹಿಂದ, ಹಾಸು ಸುತ್ತಿದ ದಿಂಡಿಗೆ
ಹಗ್ಗದ ಎರಡು ಸುತ್ತು, ತುದಿಗೆ ಒಂದು ಕಲ್ಲು.
ಹಾಸು ಎಳಿ ಅಂದಳು. ಎಳದೆ. ಬಂತು, ತುಸು, ನಿಂತಿತು.
ಕಲ್ಲು ಬಿಚ್ಚಿದಳು. ಎಳಿ ಈಗ.
ನೂಲು ಕೈತುಂಬ ಸಡಲಾಗಿ ಬಿದ್ದು
ಬಿಡಿಸಲಿಕ್ಕೆ ಇಬ್ಬರಿಗೂ ಅರ್ಧ ತಾಸು.
"ನಿನ್ನ ಫೋನಿಗೆ ಕಲ್ಲಿಲ್ಲ," ಅಂದಳು, ಗಂಟು ಹಾಕುತ್ತ.

ಗದಗಿನ ಸ್ಟೇಷನ್ ರೋಡಿಗೆ ಛಾಪಖಾನಿ ಮ್ಯಾಲಿನ ಖೋಲಿ.
ಕೆಳಗ ಲಗ್ನಪತ್ರಿಕಿ ಮಷಿನ್ ಗಡಗಡ ಅಂತಿತ್ತು,
ಮ್ಯಾಲೆ ನಾನು ಕಲ್ಲು ಹುಡುಕುತಿದ್ದೆ.
ಅಲ್ಲೇ ಇತ್ತು. ಯಾರೋ ಎಲ್ಲೋ ಕುಂತು ಬರದ ಅಂಕಿ:
ಸೊನ್ನೆ ಬಿಂದು ಒಂಬತ್ತು ಒಂಬತ್ತು ಎಂಟು.
ಬೆರಳು ಎತ್ತಿದ ಮ್ಯಾಲೆ
ಕ್ಷಣದ ಒಂದೊಂದು ಚೂರಿಗೂ ವೇಗ ಇಷ್ಟು ಉಳೀಬೇಕು
ಅಂತ ಕಟ್ಟಿದ ಕರಾರು.
ಯಾವ ಬೆರಳು ನೋಡಿ ಕಟ್ಟಿದನೋ,
ಗಂಜಿ ಹತ್ತಿದ ಬೆರಳಂತೂ ಅಲ್ಲ.

ಕೊನೀ ಎಂಟು ತಗದು ಐದು ಇಟ್ಟೆ. ಒಂದು ಕಲ್ಲು.
ಐದು ತಗದು ಎರಡು ಇಟ್ಟೆ. ಎರಡು ಕಲ್ಲು.
ತುದಿಯ ಜಗ್ಗಾಟ ಪೂರಾ ಕಿತ್ತೆ:
ಮುಗಿದಲ್ಲಿ ಮುಗೀಲಿ.
ಹೂ ಅರ್ಧ ಕೊರದು ನಿಲ್ಲಬಾರದು,
ಯಾವ ನೇಕಾರನೂ ಹೂವಿನ ನಡುವ ಏಳೂದಿಲ್ಲ,
ಅದಕ್ಕ ಪಟ್ಟಿ ನಿಂತರ ದಡಿ ಇಡಿಯಾಗಿ ನಿಲ್ಲೂ ಹಂಗ ಮಾಡಿದೆ.

ಉಳಿದದ್ದು ಹಾಸು ಹೊಕ್ಕಿನ ಜಗಳ.
ಉದ್ದದ ಪಟ್ಟಿ ಬೆರಳು ನಂದು ಅಂತೈತಿ,
ಅಡ್ಡದ್ದು ನಂದು ಅಂತೈತಿ,
ಮೊದಲ ಎಂಟು ಚುಕ್ಕಿ ದಾಟೂದ್ರಾಗ
ಬೆರಳಿನ ಮನಸ್ಸು ಅರೀಬೇಕು ನಾನು.
ಮನಸ್ಸಿಗೆ ಎಷ್ಟು ಡಿಗ್ರಿ ಅಂತ ಯಾರನ್ನ ಕೇಳಲಿ?

ಕಾರ್ಯದರ್ಶಿ ಇರಕಲ್ಲ ಸರ್ ತಿಕ್ಕಿ ನೋಡಿ
"ಹ್ಯಾಂಗ್ ಆಗೇದೇನ್ರೀ?" ಅಂದರು.
ಬನಶಂಕ್ರವ್ವನ ಮೊಮ್ಮಗ, ಒಂಬತ್ತನೇತ್ತ,
"ಎತ್ತಿನ ಗಾಡಿ" ಅಂತ ನಕ್ಕ.
ಬೇರೆ ದಾರಿ ಕಾಣಲಿಲ್ಲ. ಸೆಟ್ಟಿಂಗಿನೊಳಗ ಒಂದು ಸಾಲು ಬರದೆ:
ಕಲ್ಲು ಎಷ್ಟು? ಇಲ್ಲ. ಒಂದು. ಎರಡು.
ಹುಡುಗ ಇಲ್ಲ ಒತ್ತಿದ, ಸರ್ ಒಂದು ಒತ್ತಿದರು.

ಆಕಿ ಎರಡು ಒತ್ತಿ, ನೂಕಿದಳು.
ದಡಿ ಬಂತು. ನಿಂತಿತು. ಓದಿದಳು, ಬಾಯಿಬಿಟ್ಟು.
ಮತ್ತೊಂದು. ಮತ್ತೊಂದು.
ನೂರಾ ನಾಕನೇದಕ್ಕ
"ಈ ಗೋಮಿ ತಪ್ಪು ಬರದೀರಿ, ಹಲ್ಲು ಒಂದು ಕಡಿಮಿ" ಅಂದು
ಫೋನು ಕಟ್ಟಿಮ್ಯಾಲೆ ಇಟ್ಟು ಕುಣಿಗೆ ಇಳದಳು.
ಲಾಳಿ ಸದ್ದು ಶುರುವಾತು.

ಪರದೆ ಆರಿತು. ಆರಿದ ಗಾಜಿನ ಮ್ಯಾಲೆ
ಗಂಜಿಯ ಬಿಳಿ ಗೆರಿ, ಹತ್ತಾರು, ಒಂದರ ಮ್ಯಾಲೊಂದು,
ಎಲ್ಲಾವೂ ಕೆಳಗಿಂದ ಮ್ಯಾಲಕ್ಕ,
ಎಲ್ಲಾವೂ ಅದ ಓರಿಗೆ, ಬಲಕ್ಕ ವಾಲಿ.

ಮೊಮ್ಮಗನ ಕಂಪಾಸಿನ ಡಬ್ಬಿ ಇಸಗೊಂಡು
ಕೋನಮಾಪಕ ಇಟ್ಟು ಅಳದೆ.
ಇಪ್ಪತ್ತೇಳು.
ಬರಕೊಂಡೆ. ಆಮ್ಯಾಲೆ ಒರಸಿದೆ.