ಕೊಪ್ಪರಿಗೆಯ ಅಳತೆ

ಲಗ್ನದ ಸೀಸನ್ನಿನಲ್ಲಿ ನನಗೆ ಎರಡೇ ಕಿವಿ.
ಒಂದರಲ್ಲಿ ಫೋನು,
ಇನ್ನೊಂದರಲ್ಲಿ ಸೌಟು ಎಣಿಸುವ ರೇವಣ್ಣನ ಕೂಗು:
ಮೂವತ್ತೆಂಟು, ಮೂವತ್ತೊಂಬತ್ತು…
"ಹಲೋ, ಶ್ರೀನಗರದ ಪಾತ್ರೆ ಬಾಡಿಗೆಯವರಾ?"
ಹೌದು ಎನ್ನುವಷ್ಟರಲ್ಲಿ ಎಣಿಕೆ ತಪ್ಪಿತು.
ಮತ್ತೆ ಒಂದರಿಂದ.

ಕತ್ರಿಗುಪ್ಪೆಯ ಅರವತ್ತರ ಶಾಂತಿ ಹೀಗೇ ಕೈತಪ್ಪಿತು.
ನಾಲ್ಕು ಸಲ ಕರೆದರಂತೆ.
ನಾನು ಹಂಡೆಯೊಳಗೆ ತಲೆ ಹಾಕಿ
ತಳ ಹಿಡಿದ ಬಿಸಿಬೇಳೆ ಕೆರೆಯುತ್ತಿದ್ದೆ.

ನಾದಿನಿಯ ಮಗಳು ಮೇದಿನಿ ಹೇಳಿದಳು:
"ಅತ್ತೆ, ಫೋನಿಗೊಬ್ಬರನ್ನು ಇಟ್ಟುಕೊಳ್ಳಿ.
ಅಂಗಡಿಗೆ ಬರುವುದೇ ಬೇಡ, ಅವರ ಊರಿಂದಲೇ ಎಲ್ಲ.
ವರ್ಚುವಲ್ ಅಸಿಸ್ಟೆಂಟ್ ಅಂತಾರೆ."

ಅಂದರೆ ಇದ್ದೂ ಇಲ್ಲದವರಾ ಎಂದೆ.
ಕೆಲಸಕ್ಕೆ ಬಂದವರ ಕೈ ನೋಡದೆ
ನಾನು ಒಂದು ದಿನವೂ ಸಂಬಳ ಕೊಟ್ಟವಳಲ್ಲ.
ಉಗುರು, ಸುಟ್ಟ ಗಾಯ, ಬಳೆಯ ಸವೆತ,
ಕೈ ಎಲ್ಲ ಹೇಳಿಬಿಡುತ್ತದೆ.
ಇವರದೋ ಬರೀ ದನಿ.
ಬುಕಿಂಗ್ ಪುಸ್ತಕ ಯಾವ ಕೈಗೆ ಕೊಡಲಿ?
ಅದರಲ್ಲಿ ಯಾರ ಮನೆಯ ಮದುವೆ ಮುರಿಯಿತು,
ಯಾರ ತಿಥಿಯ ಬಾಕಿ ಕೇಳದೆ ಬಿಟ್ಟೆ,
ಎಲ್ಲ ಇದೆ, ನನ್ನದೇ ಕಾಗೆಕಾಲು ಅಕ್ಷರದಲ್ಲಿ.

ಮೂರು ತಿಂಗಳು ನಾಳೆ ನಾಳೆ ಎಂದೆ.
ಒಮ್ಮೆ ಆಷಾಢ ಎಂದೆ. ಒಮ್ಮೆ ಜಿಎಸ್‌ಟಿ ಎಂದೆ.
ಮೇದಿನಿ ಬೈಯಲಿಲ್ಲ, ನಕ್ಕಳು:
"ಮುಖ ನೋಡದವರಿಗೆ ಮುನ್ನೂರು ಲೋಟ
ಆಟೋ ತುಂಬಿಸಿ ಕಳಿಸ್ತೀರಲ್ಲ?"
ಅವಕ್ಕೆ ಹೆಸರು ಕೆತ್ತಿಸಿದ್ದೇನೆ ಕಣೇ ಎಂದೆ.
ಹೇಳಿದ ಮೇಲೆ ಆ ಮಾತು
ನನಗೇ ತಗಡಿನಂತೆ ಕೇಳಿಸಿತು.

ಇಳಕಲ್ಲಿನ ಮೆಹಜಬೀನ್ ನದಾಫ್.
ಶ್ರಾವಣದ ಮೊದಲ ಸೋಮವಾರದಿಂದ.
ಅವಳ ದನಿಯ ಹಿಂದೆ ಟಕ್ಕಟಕ್ ಮಗ್ಗ,
ಮಾವನದಂತೆ.
"ಹೇಳ್ರಿ ಅಕ್ಕಾರ, ಬರಕೊಂಡೆ" ಎನ್ನುತ್ತಾಳೆ
ನಾನು ಹೇಳಿ ಮುಗಿಸುವ ಮೊದಲೇ.
ಅದೂ ಒಂದು ಅನುಮಾನ.

ರಾತ್ರಿ ಪುಸ್ತಕದಲ್ಲಿ ನಾನೂ ಮತ್ತೆ ಬರೆದೆ,
ಅವಳದು ನನ್ನದು ಸಾಲು ಸಾಲು ತಾಳೆ ನೋಡಿದೆ.
ಹನ್ನೊಂದನೆಯ ದಿನ
ಎದುರಿನ ಹೂವಿನಂಗಡಿ ಕೆಂಪಾಜಮ್ಮನ ಫೋನು ಕೇಳಿ ಪಡೆದು
ನನ್ನ ಅಂಗಡಿಗೆ ನಾನೇ ಕರೆ ಮಾಡಿದೆ,
ಮೂಗು ಹಿಡಿದುಕೊಂಡು:
"ಇನ್ನೂರು ಜನಕ್ಕೆ ಹೋಳಿಗೆ ಊಟ, ಏನೇನು ಬೇಕಾಗತ್ತೆ?"

ಅವಳು ಪಟ್ಟಿ ಹೇಳಿದಳು.
ಮಣೆ, ಲಟ್ಟಣಿಗೆ, ಮೂರು ಕಾವಲಿ,
ತುಪ್ಪದ ಗಿಂಡಿ (ಅದನ್ನು ನಾನೇ ಮರೆಯುತ್ತಿದ್ದೆ).
ಆಮೇಲೆ ಮೆಲ್ಲಗೆ:
"ಅಡ್ವಾನ್ಸ್ ನಿಮ್ಮ ಕಡಿಂದ ಬ್ಯಾಡ್ರಿ ಅಕ್ಕಾರ.
ಪಾತ್ರೆ ನಿಮ್ಮ ಹಿಂದನ ಅದಾವಲ್ರಿ."

ಕೆಂಪಾಜಮ್ಮ ಮಲ್ಲಿಗೆ ಕಟ್ಟುವುದು ಬಿಟ್ಟು ನಕ್ಕಳು.
ನನಗೆ ನಗು ಬಂದದ್ದು ಮನೆಗೆ ಹೋದ ಮೇಲೆ,
ಸಾರಿಗೆ ಒಗ್ಗರಣೆ ಹಾಕುವಾಗ.

ಎಲ್ಲ ಸರಿಹೋಯಿತು ಎನ್ನಲಾರೆ.
ಗಿರಿನಗರದ್ದನ್ನು ಜಿಗಣಿ ಎಂದು ಬರೆದು
ಟೆಂಪೋ ಒಂದು ದಿನ ಊರೆಲ್ಲ ಸುತ್ತಿ ಬಂತು.
ಡೀಸೆಲ್ ಲೆಕ್ಕ ಸಂಬಳದಲ್ಲಿ ಹಿಡೀರಿ ಎಂದು
ಅವಳೇ ಹೇಳಿದಳು. ಹಿಡಿಯಲಿಲ್ಲ.
ರೇವಣ್ಣ ಸೊಟ್ಟ ಮಾಡಿದ ಹಂಡೆಗೆ ಹಿಡಿದಿದ್ದೆನೇ?

ಪುಸ್ತಕ ಈಗಲೂ ಬರೆಯುತ್ತೇನೆ.
ಭಾನುವಾರ ಮರೆತೆ.

ಮೊನ್ನೆ ಕರೆ ಮುಗಿಸುವ ಮುಂಚೆ ಕೇಳಿದಳು:
"ಅಕ್ಕಾರ, ದಿನಾ ಕೊಪ್ಪರಿಗೆ ಕೊಪ್ಪರಿಗೆ ಅಂತ ಬರೀತೀನ್ರಿ,
ನಿಮ್ಮದು ಎಷ್ಟ್ ದೊಡ್ಡದೈತ್ರಿ?"
ಗೇಣು, ಮೊಳ, ಎಷ್ಟು ಸೇರು ಅಕ್ಕಿ, ಹೇಳಬಹುದಿತ್ತು.
ಫೋಟೋ ಕಳಿಸಬಹುದಿತ್ತು.
ನಾನು ಫೋನನ್ನು ಅದರೊಳಗೆ ಇಳಿಬಿಟ್ಟು
ಹೊರಗಿನಿಂದ ಸೌಟಲ್ಲಿ ಒಂದೇ ಒಂದು ಹೊಡೆದೆ.

ಸದ್ದು ಅಡಗುವುದಕ್ಕೆ ಬಹಳ ಹೊತ್ತು ಹಿಡಿಯಿತು.
ಆ ಕಡೆ ಮಗ್ಗ ನಿಂತಿತ್ತು.